ಸಕ್ಕರೆ ತೋಟಗಳಿಗೆ ಕರಾರು ಕೂಲಿ: ಬ್ರಿಟಿಷ್ ಗಯಾನಾ, 1834–1920

ದಕ್ಷಿಣ ಅಮೆರಿಕದ ಉತ್ತರ ಕರಾವಳಿಯಲ್ಲಿದ್ದ ಬ್ರಿಟಿಷ್ ಗಯಾನಾ ಕಬ್ಬಿನ ವಸಾಹತು. ಅಲ್ಲಿನ ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕಾ ಮೂಲದ ಗುಲಾಮರು. 1834ರ ಆಗಸ್ಟ್ 1ರಂದು ಬ್ರಿಟಿಷ್ ಸಾಮ್ರಾಜ್ಯದ ಬಹುಭಾಗದಲ್ಲಿ ಗುಲಾಮಗಿರಿ ರದ್ದಾಯಿತು. ಪರಿಹಾರಕ್ಕೆಂದು ಸಂಸತ್ತು ತೆಗೆದಿಟ್ಟ 2 ಕೋಟಿ ಪೌಂಡು ಸೇರಿದ್ದು ಮಾಲೀಕರಿಗೆ. ಗುಲಾಮರ ಪಾಲಿಗೆ ಬಂದದ್ದು ಇನ್ನೂ ನಾಲ್ಕು ವರ್ಷಗಳ ಕಡ್ಡಾಯ ‘ತರಬೇತಿ’ ದುಡಿಮೆ. ಪೂರ್ಣ ಬಿಡುಗಡೆ ಸಿಕ್ಕಿದ್ದು 1838ರಲ್ಲಿ.

ಬಿಡುಗಡೆಯಾದವರು ಕೂಲಿಯ ದರವನ್ನು ಚೌಕಾಸಿ ಮಾಡತೊಡಗಿದರು. 1839ರಲ್ಲಿ 83 ಮಂದಿ ಕೂಡಿಟ್ಟ ಹಣ ಒಟ್ಟುಗೂಡಿಸಿ ನಾರ್ತ್‌ಬ್ರೂಕ್ ಎಂಬ ತೋಟವನ್ನೇ ಕೊಂಡು, ಅದಕ್ಕೆ ವಿಕ್ಟೋರಿಯಾ ಎಂದು ಹೆಸರಿಟ್ಟು ಹಳ್ಳಿ ಕಟ್ಟಿದರು. ಅವರ ಹಾದಿಯನ್ನು ಬೇರೆಯವರೂ ಹಿಡಿದರು. ಸ್ವಂತ ನೆಲ ಇದ್ದವರಿಗೆ ಸಿಕ್ಕಷ್ಟು ಕೂಲಿಗೆ ಒಪ್ಪಬೇಕಾದ ಅಗತ್ಯವಿರಲಿಲ್ಲ. 1842ರಲ್ಲಿ ತೋಟದವರು ಕೂಲಿ ಇಳಿಸಲು ಹೊರಟಾಗ ಕೆಲಸಗಾರರು ಮುಷ್ಕರ ಹೂಡಿ ಗೆದ್ದರು.

ಬೆಲೆಯನ್ನು ಮಾರುಕಟ್ಟೆಗೇ ಬಿಡಬೇಕೆಂಬುದು ಆಗ ಬ್ರಿಟನ್ನಿನಲ್ಲಿ ಬಲಗೊಳ್ಳುತ್ತಿದ್ದ ಅರ್ಥನೀತಿ. 1846ರ ಸಕ್ಕರೆ ಸುಂಕದ ಕಾಯ್ದೆ ಅದನ್ನು ಸಕ್ಕರೆಗೆ ಅನ್ವಯಿಸಿತು. ವಸಾಹತುಗಳ ಸಕ್ಕರೆಗಿದ್ದ ಸುಂಕದ ರಿಯಾಯಿತಿ ಹಂತಹಂತವಾಗಿ ಹೋಯಿತು. ಗುಲಾಮರೇ ಬೆಳೆಯುತ್ತಿದ್ದ ಕ್ಯೂಬಾ, ಬ್ರೆಜಿಲ್‌ಗಳ ಸಕ್ಕರೆ ಲಂಡನ್ನಿನಲ್ಲಿ ಸರಿಸಮವಾಗಿ ಪೈಪೋಟಿಗೆ ಇಳಿಯಿತು. ಆದರೆ ದುಡಿಮೆಯ ಮಾರುಕಟ್ಟೆಗೆ ಅದೇ ನೀತಿ ಅನ್ವಯಿಸಲಿಲ್ಲ. ಆಳುಗಳು ಸಾಲದೆ ಕೂಲಿ ಏರಿದಲ್ಲಿ, ಹೊರಗಿನಿಂದ ಆಳು ತರಿಸಿ ಅದನ್ನು ಇಳಿಸುವ ಹೊಣೆಯನ್ನು ಸರ್ಕಾರವೇ ಹೊತ್ತಿತು.

ಗಯಾನಾದಲ್ಲಿ ತೋಟಗಳಿದ್ದ ಜಾನ್ ಗ್ಲಾಡ್‌ಸ್ಟನ್ 1836ರಲ್ಲೇ ಕಲ್ಕತ್ತಾದ ವ್ಯಾಪಾರಿ ಸಂಸ್ಥೆಯೊಂದಕ್ಕೆ ಪತ್ರ ಬರೆದು, ಮಾರಿಷಸ್‌ಗೆ ಕಳಿಸುತ್ತಿದ್ದಂಥ ಕೂಲಿಯಾಳುಗಳನ್ನು ಕೇಳಿದ್ದ. 1838ರ ಮೇ 5ರಂದು ವಿಟ್ಬಿ ಮತ್ತು ಹೆಸ್ಪೆರಸ್ ಹಡಗುಗಳು ಮೊದಲ ಭಾರತೀಯರನ್ನು ಇಳಿಸಿದವು. ಕಿರುಕುಳದ ವರದಿಗಳಿಂದಾಗಿ ನಿಂತ ಈ ಸಾಗಣೆ 1845ರಲ್ಲಿ ಮತ್ತೆ ಶುರುವಾಯಿತು. ಅದರ ಪರಿಣಾಮ 1848ರ ಮುಷ್ಕರದಲ್ಲಿ ಕಂಡಿತು. ಮಡೇರಾ ದ್ವೀಪದ ಪೋರ್ಚುಗೀಸರೂ ಭಾರತೀಯರೂ ಕೆಲಸ ಮುಂದುವರಿಸಿದ್ದರಿಂದ ಆಫ್ರಿಕನ್ ಕೆಲಸಗಾರರು ಈ ಸಲ ಸೋತರು. ಮುಂದೆ 1852ರಲ್ಲಿ, 20ಕ್ಕಿಂತ ಹೆಚ್ಚು ಜನ ಕೂಡಿ ಭೂಮಿ ಕೊಳ್ಳದಂತೆ ಕಾನೂನೂ ಬಂತು. ವಲಸೆಯ ವೆಚ್ಚದಲ್ಲಿ ಸುಮಾರು ಮೂರನೇ ಒಂದು ಪಾಲನ್ನು ವಸಾಹತಿನ ಬೊಕ್ಕಸದಿಂದ ಭರಿಸಲಾಗುತ್ತಿತ್ತು. ಆ ಬೊಕ್ಕಸ ತುಂಬುತ್ತಿದ್ದುದು ಬಹುಮಟ್ಟಿಗೆ ಬಡವರು ಉಣ್ಣುವ ಪದಾರ್ಥಗಳ ಆಮದು ಸುಂಕದಿಂದ. ತಮ್ಮ ಕೂಲಿ ಇಳಿಸುವ ಏರ್ಪಾಟಿಗೆ ಕೆಲಸಗಾರರೇ ತೆರಿಗೆ ಕಟ್ಟಿದಂತಾಯಿತು.

ಬಂದವರ ಸ್ಥಿತಿಯೂ ಹಸನಾಗಿರಲಿಲ್ಲ. ಕರಾರಿನ ಅವಧಿ ಐದು ವರ್ಷ. ಕಾಗದದ ಮೇಲಿನ ದಿನಗೂಲಿ ಗಂಡಾಳಿಗೆ 24 ಸೆಂಟ್. ರೂಢಿಯಲ್ಲಿ ಮಾತ್ರ ಮುಗಿಸಿದ ಕೆಲಸವನ್ನು ಅಳೆದು ಕೂಲಿ ಕೊಡುತ್ತಿದ್ದರು. ಅಳೆಯುವವನು ತೋಟದ ಮೇಲ್ವಿಚಾರಕನೇ. ಕೆಲಸ ತಪ್ಪಿಸಿದರೆ, ಚೀಟಿಯಿಲ್ಲದೆ ತೋಟ ಬಿಟ್ಟು ಹೋದರೆ ಅದು ಕರಾರಿನ ವ್ಯಾಜ್ಯವಲ್ಲ, ಅಪರಾಧ. ದಂಡ ಇಲ್ಲವೆ ಜೈಲು ಖಚಿತ. ಹಿಂದೆ ಅಲ್ಲಿ ಮ್ಯಾಜಿಸ್ಟ್ರೇಟ್ ಆಗಿದ್ದ ವಿಲಿಯಂ ಡೆ ವೋ 1869ರಲ್ಲಿ ಲಂಡನ್ನಿಗೆ ದೀರ್ಘ ದೂರು ಬರೆದಾಗ ವಿಚಾರಣಾ ಆಯೋಗ ನೇಮಕವಾಯಿತು. ಪದ್ಧತಿ ಮಾತ್ರ ಉಳಿಯಿತು. ಪ್ರತಿಭಟಿಸಿದ ಕೂಲಿಗಳ ಮೇಲೆ ಪೊಲೀಸರು ಹಾರಿಸಿದ ಗುಂಡಿಗೆ 1872ರಲ್ಲಿ ಡೆವನ್‌ಷೈರ್ ಕ್ಯಾಸಲ್‌ನಲ್ಲಿ ಐವರು, 1913ರಲ್ಲಿ ರೋಸ್ ಹಾಲ್‌ನಲ್ಲಿ 15 ಮಂದಿ ಸತ್ತರು.

ಬದಲಾವಣೆಯ ಒತ್ತಡ ಬಂದದ್ದು ಭಾರತದಿಂದ. ಕರಾರು ಕೂಲಿಯ ವಿರುದ್ಧ ಗೋಪಾಲಕೃಷ್ಣ ಗೋಖಲೆ 1912ರಲ್ಲಿ ಶಾಸನ ಪರಿಷತ್ತಿನಲ್ಲಿ ತಂದ ನಿರ್ಣಯ ಬಿದ್ದುಹೋಯಿತು. 1916ರಲ್ಲಿ ಮದನಮೋಹನ ಮಾಳವೀಯರ ನಿರ್ಣಯವನ್ನು ಸರ್ಕಾರ ಒಪ್ಪಿತು. 1917ರಲ್ಲಿ ನೇಮಕಾತಿ ನಿಂತಿತು, 1920ರಲ್ಲಿ ಉಳಿದ ಕರಾರುಗಳು ರದ್ದಾದವು. ಅಷ್ಟರೊಳಗೆ ಗಯಾನಾಗೆ ಸುಮಾರು 2,39,000 ಭಾರತೀಯರು ಹೋಗಿದ್ದರು. ಸುಮಾರು ಮೂರರಲ್ಲಿ ಒಂದು ಪಾಲು ಜನ ಹಿಂದಿರುಗಿದರು. ನೆಲೆಸಿದವರು ಕರಾವಳಿಯ ಹಳ್ಳಿಗಳಲ್ಲಿ ಭತ್ತ ಬೆಳೆದರು. ಆಫ್ರಿಕಾ ಮೂಲದವರಲ್ಲಿ ಹಲವರು ಪಟ್ಟಣ ಮತ್ತು ಗಣಿಗಳ ಕಡೆ ಸರಿದಿದ್ದರು. ಒಂದೇ ಮಾಲೀಕರ ಕೆಳಗೆ ದುಡಿದ ಈ ಎರಡು ಗುಂಪುಗಳ ನಡುವಿನ ಅಪನಂಬಿಕೆ 20ನೇ ಶತಮಾನದ ಗಯಾನಾ ರಾಜಕೀಯಕ್ಕೂ ಹರಿದುಬಂತು.