ಬೆಂಕಿ ಬಿಟ್ಟದ್ದು, ಸುತ್ತಿಗೆ ಕೆಡವಿದ್ದು

1871ರ ಅಕ್ಟೋಬರ್ 8, ಭಾನುವಾರ. ಮಿಷಿಗನ್ ಸರೋವರದ ದಂಡೆಯಲ್ಲಿದ್ದ ಶಿಕಾಗೊ ನಗರ ಆ ವರ್ಷ ಮಳೆಯಿಲ್ಲದೆ ಒಣಗಿ ನಿಂತಿತ್ತು. ಮನೆಗಳು ಮರದವು, ಕಾಲುದಾರಿಗಳು ಮರದವು, ಎಷ್ಟೋ ಬೀದಿಗಳಿಗೆ ಹಾಸಿದ್ದೂ ಮರದ ತುಂಡುಗಳನ್ನೇ. ಅಂದು ರಾತ್ರಿ ಡಿಕೋವನ್ ಬೀದಿಯ ಓಲಿಯರಿ ದಂಪತಿಯ ಕೊಟ್ಟಿಗೆಯಲ್ಲಿ ಹೊತ್ತಿದ ಕಿಚ್ಚು ಗಾಳಿಯನ್ನೇರಿ ಎರಡು ಸಲ ನದಿ ದಾಟಿತು, ಮಂಗಳವಾರದವರೆಗೂ ಉರಿಯಿತು. ಸುಮಾರು 17,500 ಕಟ್ಟಡಗಳು ಬೂದಿಯಾದವು. ಲಕ್ಷದಷ್ಟು ಜನ ನೆಲೆ ಕಳೆದುಕೊಂಡರು, ಸುಮಾರು ಮುನ್ನೂರು ಮಂದಿ ಸತ್ತರು. ಹಸು ಲಾಂದ್ರ ಒದ್ದು ಊರು ಸುಟ್ಟಿತೆಂಬ ಕಥೆ ಪತ್ರಿಕೆಗಳಲ್ಲಿ ಹಬ್ಬಿತು. ಪುರಾವೆಯಿಲ್ಲದ ಆ ಅಪವಾದವನ್ನು ಹಸುವಿನ ಒಡತಿ ಸಾಯುವವರೆಗೂ ಹೊತ್ತಳು. ನಗರಸಭೆ ಅವಳನ್ನೂ ಹಸುವನ್ನೂ ದೋಷಮುಕ್ತಗೊಳಿಸಿದ್ದು 1997ರಲ್ಲಿ!

ಉರಿದ ಪ್ರದೇಶದ ನಡುವೆ ಉಳಿದುಕೊಂಡ ಕೆಲವೇ ಕಟ್ಟಡಗಳಲ್ಲಿ ಒಂದು, 1869ರಲ್ಲಿ ವಿಲಿಯಂ ಬಾಯಿಂಗ್ಟನ್ ಸುಣ್ಣಕಲ್ಲಿನಲ್ಲಿ ಕಟ್ಟಿದ ನೀರಿನ ಗೋಪುರ. ಗೋಪುರವೇನೋ ನಿಂತಿತು, ಪಕ್ಕದ ಪಂಪ್‌ಮನೆಯ ಛಾವಣಿ ಕುಸಿದು ನೀರು ನಿಂತುಹೋಯಿತು. 1882ರಲ್ಲಿ ಬಂದ ಆಸ್ಕರ್ ವೈಲ್ಡ್ ಈ ಕೋಟೆವೇಷದ ಗೋಪುರವನ್ನು ಗೇಲಿಮಾಡಿ ಊರವರ ಸಿಟ್ಟಿಗೆ ಗುರಿಯಾದ. ನೋಟದ ಮಟ್ಟಿಗೆ ಅವನ ಮಾತನ್ನು ತಳ್ಳಿಹಾಕಲಾಗದು. ಆದರೆ ಊರವರು ಆ ಗೋಪುರದಲ್ಲಿ ನೋಡುತ್ತಿದ್ದದ್ದು ಶಿಲ್ಪವನ್ನಲ್ಲ.

ಖಾಂಡವ ಬೆಂದ ಮೇಲೆ ಮಯ ಸಭೆ ಕಟ್ಟಿದಂತೆ, ಬೂದಿಯ ಮೇಲೆ ಕಟ್ಟಲು ದೇಶದ ನಾನಾ ಕಡೆಯಿಂದ ಶಿಲ್ಪಿಗಳು ಬಂದರು. ಭೂಮಿಯ ಬೆಲೆ ಏರಿತ್ತು, ಕಟ್ಟಡಗಳೂ ಏರಬೇಕಾಯಿತು. ಕೆಳಗಿದ್ದದ್ದೋ ಮೆತ್ತನೆಯ ಜೇಡಿ. 1885ರಲ್ಲಿ ವಿಲಿಯಂ ಲೆ ಬ್ಯಾರನ್ ಜೆನ್ನಿ ಹೋಮ್ ಇನ್ಶೂರೆನ್ಸ್ ಕಟ್ಟಡದ ಹತ್ತು ಅಂತಸ್ತುಗಳ ಭಾರದ ಬಹುಪಾಲನ್ನು ಕಬ್ಬಿಣ, ಉಕ್ಕುಗಳ ಅಸ್ಥಿಪಂಜರಕ್ಕೆ ಹೊರಿಸಿದ. ಗೋಡೆಯ ಹೊರೆ ಇಳಿಯಿತು.

ಆದರೂ ಹಳೆಯ ವಿದ್ಯೆ ಸುಮ್ಮನೆ ಸೋಲಲಿಲ್ಲ. ಬರ್ನಂ ಮತ್ತು ರೂಟ್ ಜೋಡಿಯ ಮೊನಾಡ್ನಾಕ್ ಕಟ್ಟಡದ ಉತ್ತರಾರ್ಧ 1891ರಲ್ಲಿ ಮುಗಿಯಿತು: ಹದಿನಾರು ಅಂತಸ್ತು, ಭಾರ ಹೊತ್ತದ್ದು ಇಟ್ಟಿಗೆಯ ಹೊರಗೋಡೆ, ಬುಡದಲ್ಲಿ ಗೋಡೆಯ ದಪ್ಪ ಆರು ಅಡಿ. ಅಲಂಕಾರ ಬೇಡವೆಂದು ಬಾಸ್ಟನ್ನಿನ ಮಾಲೀಕ ಪೀಟರ್ ಬ್ರೂಕ್ಸ್ ಹಟ ಹಿಡಿದಿದ್ದ. ರೂಟ್ ಅದಕ್ಕೆ ಒಪ್ಪಿ, ಗೋಡೆಯನ್ನು ಬುಡದಲ್ಲಿ ಹೊರಕ್ಕೆ ಬಾಗಿಸಿ, ನೆತ್ತಿಯಲ್ಲಿ ಮತ್ತೆ ಅರಳಿಸಿ, ಕೆತ್ತನೆಯಿಲ್ಲದೆಯೇ ಚೆಲುವು ತಂದ. ಕೆಲಸ ಮುಗಿಯುವುದನ್ನು ನೋಡಲು ಅವನೇ ಉಳಿಯಲಿಲ್ಲ. ಆ ಜನವರಿಯಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ, ನಲವತ್ತೊಂದರ ಪ್ರಾಯದಲ್ಲಿ. ಲೆಕ್ಕಕ್ಕಿಂತ ಹೆಚ್ಚು ಜೇಡಿಗಿಳಿದರೂ ಕಟ್ಟಡ ಬೀಳಲಿಲ್ಲ. ಎರಡೇ ವರ್ಷದಲ್ಲಿ ಬೇರೆ ಶಿಲ್ಪಿಗಳು ಅದಕ್ಕೆ ಅಂಟಿಸಿದ ದಕ್ಷಿಣಾರ್ಧ ನಿಂತದ್ದು ಉಕ್ಕಿನ ಮೇಲೆ. ಒಂದೇ ಕಟ್ಟಡದಲ್ಲಿ ಎರಡು ಯುಗಗಳು. ನನ್ನ ಒಲವು ಉತ್ತರದ ಕಡೆಗೆ.

ಇಷ್ಟೆಲ್ಲ ಕಟ್ಟಿದ ಊರು ಕೆಡವುವುದರಲ್ಲೂ ಹಿಂದೆ ಬೀಳಲಿಲ್ಲ. ಹೋಮ್ ಇನ್ಶೂರೆನ್ಸ್ 1931ರಲ್ಲಿ ಹೋಯಿತು. ಆಡ್ಲರ್ ಮತ್ತು ಸಲಿವನ್ ಎಂಬ ಇನ್ನೊಂದು ಶಿಲ್ಪಿಜೋಡಿಯ ಗ್ಯಾರಿಕ್ ರಂಗಮಂದಿರ 1961ರಲ್ಲಿ ಉರುಳಿ, ಆ ಜಾಗ ಕಾರು ನಿಲ್ದಾಣವಾಯಿತು. ಅವರದೇ ಸ್ಟಾಕ್ ಎಕ್ಸ್‌ಚೇಂಜ್ ಕಟ್ಟಡವನ್ನು ಕೆಡವುವಾಗ, 1972ರ ಏಪ್ರಿಲ್‌ನಲ್ಲಿ, ಸಲಿವನ್ನನ ಕೆತ್ತನೆಗಳನ್ನು ಉಳಿಸಿಕೊಳ್ಳಲು ಒಳಹೊಕ್ಕಿದ್ದ ಛಾಯಾಗ್ರಾಹಕ ರಿಚರ್ಡ್ ನಿಕಲ್ ಕುಸಿದ ಅವಶೇಷಗಳಡಿ ಸಿಲುಕಿ ಸತ್ತ. ವಾರಗಳ ನಂತರ ಶವ ಸಿಕ್ಕಿತು.

ಆ ಕಟ್ಟಡದ ವ್ಯಾಪಾರ ಸಭಾಂಗಣವನ್ನು ಮುಂದೆ ಆರ್ಟ್ ಇನ್‌ಸ್ಟಿಟ್ಯೂಟ್ ಸಂಗ್ರಹಾಲಯದಲ್ಲಿ ಮರುಜೋಡಿಸಿದರು. 1893ರ ಸೆಪ್ಟೆಂಬರ್ 11ರಂದು ವಿವೇಕಾನಂದರು ಸರ್ವಧರ್ಮ ಸಮ್ಮೇಳನದಲ್ಲಿ ಮಾತಾಡಿದ್ದು ಅದೇ ಸಂಗ್ರಹಾಲಯದ ಕಟ್ಟಡದಲ್ಲಿ. ನಮ್ಮವರು ಅಲ್ಲಿಗೆ ಹೋಗುವುದು ಬಹುಮಟ್ಟಿಗೆ ಆ ಸ್ಮರಣೆಗಾಗಿಯೇ. ಹಾಗೆ ಹೋದವರು ಹಿಂಬದಿಗೆ ಬಳಸಿ, ಮನ್ರೋ ಬೀದಿ ಕೊಲಂಬಸ್ ರಸ್ತೆಯನ್ನು ಕೂಡುವ ಮೂಲೆಗೆ ನಡೆದರೆ ಸ್ಟಾಕ್ ಎಕ್ಸ್‌ಚೇಂಜಿನ ಹೆಬ್ಬಾಗಿಲ ಕಮಾನನ್ನೂ ನೋಡಬಹುದು. ಅದರ ನಿರ್ಮಾಣ ಶುರುವಾದದ್ದೂ 1893ರಲ್ಲೇ.