ಒಲಿಂಪಿಕ್ ಪಂಜು, ನಮ್ಮೋರ ಗಣಿ ದೀಪ

ಅಕ್ಕಂದಿರೇ, ಒಲಿಂಪಿಕ್ ಪಂಜು ಹಿಡಿದು ಓಡಿದೋರು ಆಮೇಲೆ ಅದನ್ನ ಏನ್ ಮಾಡ್ತಾರೆ ಗೊತ್ತಾ? ಎಷ್ಟೋ ಜನ ಮನೇಲೇ ಇಟ್ಕೊತಾರೆ, ಕೆಲವರು ಮಾರ್ತಾರೆ. ಕೂಡಿಡೋ ಹುಚ್ಚಿರೋರು ಹರಾಜಿನಲ್ಲಿ ಪೈಪೋಟಿ ಮೇಲೆ ಕೊಳ್ತಾರೆ. ಈ ಓಟ ಶುರುವಾಗಿದ್ದು 1936ರ ಬರ್ಲಿನ್ ಆಟಕ್ಕೆ. ಮೂರು ಸಾವಿರಕ್ಕೂ ಹೆಚ್ಚು ಜನ ಓಡಿದ್ರು, ಎಲ್ಲರಿಗೂ ಒಂದೊಂದು ಪಂಜು. 1952ರ ಹೆಲ್ಸಿಂಕಿಗೆ ಮಾಡಿಸಿದ್ದು ಬರೀ 22, ಅದಕ್ಕೇ ಅದು ಕೈಗೆ ಸಿಗೋದಿಲ್ಲ. ದೆಹಲಿಗೂ 1964, 2004, 2008ರಲ್ಲಿ ಆ ಜ್ಯೋತಿ ಬಂದಿತ್ತು.

ನಮ್ಮ ಕೆಜಿಎಫ್‌ನಲ್ಲಿ ದೀಪ ಹೋಗಿದ್ದು ನೆಲದೊಳಕ್ಕೆ. ಶಿವನಸಮುದ್ರದ ಕರೆಂಟು 1902ರಲ್ಲೇ ಬಂತು, ಬೆಂಗಳೂರಿಗಿಂತ ಮೊದಲು. ಅದು ಯಂತ್ರಕ್ಕೆ. ಕಲ್ಲು ಒಡೆಯೋನ ಕೈಯಲ್ಲಿದ್ದಿದ್ದು ಕಾರ್ಬೈಡ್ ದೀಪ. ಕೆಳಗಿನ ಡಬ್ಬೀಲಿ ಕಾರ್ಬೈಡು, ಮೇಲೆ ನೀರು. ಹನಿ ಬಿದ್ದಂಗೆಲ್ಲ ಗ್ಯಾಸ್ ಎದ್ದು ಬೆಳ್ಳಗೆ ಉರೀತೈತೆ. ವಾಸನೆ ಮಾತ್ರ ಕೊಳೆತ ಬೆಳ್ಳುಳ್ಳಿದು! ತಲೆಗೆ ಸಿಕ್ಕಿಸೋ ಬ್ಯಾಟರಿ ಲೈಟು ಬಂದಿದ್ದು ಆಮೇಲೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಬರ್ಲಿನ್ ಪಂಜಿನೋನು ಓಡಿದ್ದು ಒಂದೇ ಕಿಲೋಮೀಟರ್, ಅದೂ ಬಯಲಲ್ಲಿ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ತು. ಹಿತ್ತಾಳೆ ದೀಪಗಳು ಎಷ್ಟೋ ಮನೆಯಿಂದ ತೂಕದ ಲೆಕ್ಕದಲ್ಲಿ ಗುಜರಿಗೆ ಹೋದ್ವು. ತಪ್ಪು ಅನ್ನೋಕಾಗಲ್ಲ, ಒಲೆ ಉರೀಬೇಕಲ್ಲ.

ಗಣಿ ಬಿಟ್ಟು ಬಂಗಾರಪೇಟೆಗೆ ಬಂದ ಮನೆಗಳ ಅಟ್ಟದಲ್ಲಿ ಇನ್ನೂ ಒಂದೊಂದು ಐತೆ. ಪಂಜು ಕೊಳ್ಳೋರು ಮೊದಲು ಕೇಳೋದೇ ಅದನ್ನ ಹಿಡಿದೋರು ಯಾರು ಅಂತ. ನಿಮ್ಮ ದೀಪಾನ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಮಸಿ ಇರ್ಲಿ. ಯಾರದ್ದು, ಯಾವ ಗಣೀದು ಅಂತ ಚೀಟಿ ಬರೆದು ಜೊತೆಗೇ ಕಟ್ಟಿಡಿ.