ಹಲ್ಲಿನ ಕಂದು ಗೆರಿ ಮತ್ತ ಬೋರಿನ ನೀರು

ನಮ್ಮ ಕಡೆ ಕನ್ಯಾ ನೋಡಾಕ ಬಂದವ್ರು ಹುಡುಗಿ ಯಾವಾಗ ನಗ್ತಾಳ ಅಂತ ಕಾಯ್ಕೋತ ಕುಂದರ್ತಿದ್ರು. ನಗು ನೋಡಾಕಲ್ರಿ, ಹಲ್ಲು ನೋಡಾಕ. ಕುಷ್ಟಗಿ, ಯಲಬುರ್ಗಾ ಹಳ್ಳ್ಯಾಗ ಬೆಳೆದ ಎಷ್ಟೋ ಹೆಣ್ಣುಮಕ್ಕಳು ಬಾಯಿಗೆ ಸೆರಗು ಹಿಡಕೊಂಡು ನಗೋದು ನಾಚಿಕಿಗಲ್ಲ, ಕಂದು ಹಲ್ಲು ಮುಚ್ಚಾಕ. ನನ್ನ ಮುಂದಿನ ಎರಡು ಹಲ್ಲಿಗೂ ಆ ಗೆರಿ ಅದಾವು. ಸಣ್ಣಾಕಿದ್ದಾಗ ಅವ್ವ "ನೀ ಸರಿಯಾಗಿ ತಿಕ್ಕಂಗಿಲ್ಲ" ಅಂತ ಬೈದು, ಬೂದಿ ಸಾಲದ್ದಕ್ಕ ಇಟ್ಟಂಗಿ ಪುಡಿ ಹಚ್ಚಿ ತಿಕ್ಕಸ್ತಿದ್ಲು. ಕಲೆ ಹೋಗಲಿಲ್ಲ. ಹಲ್ಲು ಸವೆದು ತಣ್ಣೀರು ಕುಡಿದ್ರ ಜುಮ್ ಅನ್ನಾಕ ಹತ್ತಿತು. ತಪ್ಪು ಅವ್ವಂದೂ ಅಲ್ಲ, ನಂದೂ ಅಲ್ಲ. ಅದು ನೀರಿನ ಕಥಿ.

ಮೊದಲ ಹಲ್ಲು ಅಂದ್ರ ಏನಂತ ತಿಳ್ಕೊಳ್ಳೋಣ. ಹಲ್ಲಿನ ಮ್ಯಾಗಿನ ಗಟ್ಟಿ ಪದರು ಕ್ಯಾಲ್ಸಿಯಂ ಮತ್ತ ಫಾಸ್ಫೇಟ್ ಸೇರಿ ಆದ ಸಣ್ಣ ಸಣ್ಣ ಹರಳು. ಎಲುಬಿನಾಗ ಇರೋದೂ ಅದೇ ಜಾತಿ ಹರಳು. ನಾವು ಬೆಲ್ಲ, ಸಕ್ಕರಿ ತಿಂದಾಗ ಬಾಯಾಗಿನ ಸೂಕ್ಷ್ಮಜೀವಿಗಳು ಅದನ್ನ ಹುಳಿ ಮಾಡ್ತಾವು. ಆ ಹುಳಿಗೆ ಹಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಕರಗಿ ಹೊರಗ ಬರ್ತಾವು. ಸ್ವಲ್ಪ ಹೊತ್ತಿಗೆ ಉಗುಳು ಹುಳಿ ಇಳಿಸಿ, ತನ್ನೊಳಗಿನ ಕ್ಯಾಲ್ಸಿಯಂ, ಫಾಸ್ಫೇಟ್ ತಿರುಗಿ ಹಲ್ಲಿಗೆ ತುಂಬ್ತೈತಿ. ಕಿರಾಣಿ ಅಂಗಡಿ ಉದ್ರಿ ಲೆಕ್ಕ ಇದ್ದಂಗ. ಕೊಟ್ಟದ್ದು ಹೆಚ್ಚಾಗಿ ಬಂದದ್ದು ಕಡಿಮಿ ಆದ್ರ ಹಲ್ಲು ಹುಳುಕು. ಫ್ಲೋರೈಡ್ ಅನ್ನೋದು ಚೂರು ಇದ್ರ ಈ ತುಂಬೋ ಕೆಲಸ ಚುರುಕು ಮಾಡ್ತೈತಿ.

ಆದ್ರ ಅದು ಮೊದಲು ಜನರ ಕಣ್ಣಿಗೆ ಬಿದ್ದದ್ದು ಕಲೆಯಾಗಿ. 1901ರಾಗ ಅಮೆರಿಕಾದ ಕೊಲರಾಡೋ ಸ್ಪ್ರಿಂಗ್ಸ್ ಊರಿಗೆ ಬಂದ ಫ್ರೆಡರಿಕ್ ಮೆಕೇ ಅನ್ನೋ ಹಲ್ಲಿನ ಡಾಕ್ಟರು ಅಲ್ಲಿನ ಜನರಿಗೆ ನಮ್ಮಂಥದೇ ಕಂದು ಹಲ್ಲು ಕಂಡ್ರು. ಇನ್ನೊಂದು ಸೋಜಿಗ ಅಂದ್ರ ಆ ಹಲ್ಲು ಹುಳುಕು ಹತ್ತೋದು ಕಡಿಮಿ. ನೀರಿನಾಗ ಏನೋ ಐತಿ ಅಂತ ಅವ್ರು ಮೂವತ್ತು ವರ್ಷ ಹುಡುಕಿದ್ರು. 1931ರಾಗ ಚರ್ಚಿಲ್ ಅನ್ನೋ ರಸಾಯನ ತಜ್ಞರು ಅದು ಫ್ಲೋರೈಡ್ ಅಂತ ತೋರಿಸಿದ್ರು. ಮುಂದ ಡೀನ್ ಅನ್ನೋ ಡಾಕ್ಟರು ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ರ ಹುಳುಕೂ ಕಡಿಮಿ, ಕಲೆಯೂ ಕಡಿಮಿ ಅಂತ ಲೆಕ್ಕ ಹಾಕಿದ್ರು. 1945ರಿಂದ ಗ್ರ್ಯಾಂಡ್ ರ್‍ಯಾಪಿಡ್ಸ್ ಊರಾಗ ಅಷ್ಟು ಫ್ಲೋರೈಡನ್ನ ನಳದ ನೀರಿಗೆ ಬೆರೆಸಾಕ ಹತ್ತಿದ್ರು.

ಅಲ್ಲಿ ಬೆರೆಸೋ ಚಿಂತಿ, ನಮ್ಮಲ್ಲಿ ತೆಗೆಯೋ ಚಿಂತಿ. 1937ರಾಗ ನೆಲ್ಲೂರು ಕಡೆ ಜನರ ಎಲುಬು ಸೆಟೆದು ಬೆನ್ನು ಬಗ್ಗಿದ್ದು ಈ ಫ್ಲೋರೈಡಿನಿಂದನ ಅಂತ ವೈದ್ಯರು ಬರೆದ್ರು. ನಮ್ಮ ನೆಲದ ಕೆಳಗಿನ ಕರಿಕಲ್ಲು ಬಂಡಿಯೊಳಗೂ ಅದು ಐತಿ. ಕೆರಿ, ಬಾಂವಿ ನೀರು ಕುಡಿಯೋ ಕಾಲಕ್ಕ ಇಷ್ಟು ಕಾಟ ಇರಲಿಲ್ಲ. ಆದ್ರ ಮೆಟ್ಟಿಲು ಬಾಂವಿ ನೀರಿನಾಗ ನಾರುಹುಣ್ಣಿನ ಬೀಜ ಇರ್ತಿತ್ತು. ಹಿರೇರನ್ನ ಕೇಳ್ರಿ, ಕಾಲಾಗಿಂದ ದಾರದಂಥ ಹುಳ ಕಡ್ಡಿಗೆ ಸುತ್ತಿ ತೆಗೆದ ಕಥಿ ಹೇಳ್ತಾರ. ಅದನ್ನ ಓಡಸಾಕ ಸರಕಾರ ಊರೂರಿಗೆ ಬೋರು, ಕೈಪಂಪು ಹಾಕ್ಸಿತು. 2000ದಾಗ ದೇಶಕ್ಕ ನಾರುಹುಣ್ಣು ಇಲ್ಲ ಅಂತ ಸರ್ಟಿಫಿಕೇಟೂ ಸಿಕ್ಕಿತು. ಒಂದು ರೋಗ ಹೋತು. ಆದ್ರ ಬೋರಿನ ನೀರಿನ ಜೊತಿ ಫ್ಲೋರೈಡೂ ಕೊಡಕ್ಕ ಬಂತು.

ಇಲ್ಲೊಂದು ಮೋಜು ಐತಿ. ಕ್ಯಾಲ್ಸಿಯಂಗೂ ಫ್ಲೋರೈಡಿಗೂ ಬಲೇ ಸ್ನೇಹ. ಹಿಂದಕ ಪೇಸ್ಟಿನಾಗ ತಿಕ್ಕಾಕ ಹಾಕ್ತಿದ್ದ ಸುಣ್ಣದ ಪುಡಿ, ಕ್ಯಾಲ್ಸಿಯಂ ಫಾಸ್ಫೇಟ್ ಪುಡಿಗೆ ಫ್ಲೋರೈಡ್ ಬೆರೆಸಿದ್ರ ಪುಡಿನ ಅದನ್ನ ಹಿಡಕೊಂಡು ಹಲ್ಲಿಗೆ ಬಿಡ್ತಿರಲಿಲ್ಲ. 1950ರ ದಶಕದಾಗ ಪುಡಿ ಬದಲಿಸಿದ ಮ್ಯಾಲೆ ಫ್ಲೋರೈಡ್ ಪೇಸ್ಟು ಕೆಲಸಕ್ಕ ಬಂತು. ಪೇಸ್ಟಿಗೆ ಬ್ಯಾಡಾದ ಆ ಗುಣ ನೀರಿಗೆ ಔಷಧ ಆತು: ಎಲುಬು ಸುಟ್ಟ ಇದ್ದಲಿನಾಗ ಕ್ಯಾಲ್ಸಿಯಂ ಫಾಸ್ಫೇಟ್ ಇರೋದ್ರಿಂದ ಅದರಾಗ ನೀರು ಸೋಸಿದ್ರ ಫ್ಲೋರೈಡ್ ಇಳೀತೈತಿ. ನಾಗಪುರದ ನೀರಿ ಸಂಸ್ಥೆಯವ್ರು ಪಟಕ ಮತ್ತ ಸುಣ್ಣ ಹಾಕಿ ತಿಳಿಮಾಡೋ ಇನ್ನೊಂದು ದಾರಿ ಹುಡುಕಿದ್ರು. ಅದರ ಹೆಸರು ನಲಗೊಂಡ ಪದ್ಧತಿ. 1956ರ ತನಕ ನಲಗೊಂಡ, ಕುಷ್ಟಗಿ ಎರಡೂ ಒಂದೇ ಹೈದರಾಬಾದ್ ರಾಜ್ಯದಾಗ ಇದ್ದವು. ನಮ್ಮದೂ ಅವ್ರದೂ ಒಂದೇ ಸಂಕಟ.

ಈಗ ಶುದ್ಧ ನೀರಿನ ಘಟಕ ಬಂದಾವು. ನಾಣ್ಯ ಹಾಕಿ ಕ್ಯಾನು ತುಂಬೋದು ದಿನದ ಕೆಲಸ ಆಗೈತಿ. ಕುಡಿಯೋ ನೀರಿನಾಗ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ರ ಚಲೋ, ಬ್ಯಾರೆ ನೀರು ಇಲ್ಲದಿದ್ರ 1.5ರ ತನಕ ನಡೀತೈತಿ ಅಂತ ದೇಶದ ಮಾನಕ ಹೇಳ್ತೈತಿ.

ಮನ್ಯಾಗ ಸಣ್ಣ ಕೂಸು ಇರೋ ವೈನಿ, ತಂಗ್ಯಾರಿಗೆ ನನ್ನ ಮಾತು ಇಷ್ಟ. ಮುಂದಿನ ಹಲ್ಲಿಗೆ ಕಲೆ ಹತ್ತೋದು ಅವು ವಸಡಿನೊಳಗ ತಯಾರಾಗೋ ಮೊದಲ ವರ್ಷಗಳಾಗ. ಎಂಟು ವರ್ಷದ ತನಕ ಕುಡಿಯಾಕ, ಅಡಿಗಿಗೆ ಶುದ್ಧ ನೀರ ಕೊಡ್ರಿ. ಕಾಯಿಸಿದ್ರ ಫ್ಲೋರೈಡ್ ಹೋಗಂಗಿಲ್ಲ, ನೀರು ಆರಿ ಇನ್ನೂ ಹೆಚ್ಚಾಗ್ತೈತಿ. ಮೂರು ವರ್ಷದೊಳಗಿನ ಕೂಸಿಗೆ ಪೇಸ್ಟು ಅಕ್ಕಿಕಾಳಿನಷ್ಟು ಸಾಕು, ನುಂಗಾಕ ಬಿಡಬ್ಯಾಡ್ರಿ. ಹಾಲು, ಮಸರು, ರಾಗಿ, ಎಳ್ಳು ತಿನಸ್ರಿ. ಊಟದಾಗಿನ ಕ್ಯಾಲ್ಸಿಯಂ ಹೊಟ್ಟ್ಯಾಗನ ಸ್ವಲ್ಪ ಫ್ಲೋರೈಡನ್ನ ಹಿಡಕೋತೈತಿ.

ಮತ್ತ ಕಂದು ಹಲ್ಲಿನ ಹುಡುಗಿ ಕಂಡ್ರ "ಹಲ್ಲು ತಿಕ್ಕಂಗಿಲ್ಲೇನ?" ಅಂತ ಕೇಳಬ್ಯಾಡ್ರಿ. ಆಕಿ ತಿಕ್ಕ್ಯಾಳ, ನಮ್ಮೆಲ್ಲಾರಿಗಿಂತ ಹೆಚ್ಚ ತಿಕ್ಕ್ಯಾಳ.